ನಾಲ್ಕನೆಯ ನಿಮಿಷ

ನಾಲ್ಕನೆಯ ನಿಮಿಷಕ್ಕೆ ಸರಿಯಾಗಿ ಅರವತ್ತು ಮೇಜುಗಳ ಮೇಲೆ ದೀಪ ಹತ್ತಿದವು. ಒಂಬತ್ತು ಹಸಿರು, ಉಳಿದವೆಲ್ಲ ಕೆಂಪು. ಕೆಂಪು ಬಂದವರು ಹಣೆಯ ಪಟ್ಟಿ ಬಿಚ್ಚಿಟ್ಟು, ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಬಾಗಿಲ ಕಡೆ ನಡೆದರು. ಯಾರೂ ಅಳಲಿಲ್ಲ. ಹನ್ನೊಂದು ವರ್ಷಗಳಲ್ಲಿ ಮಕ್ಕಳಿಗೆ ಅದು ರೂಢಿಯಾಗಿಹೋಗಿತ್ತು.

ಆ ಪಟ್ಟಿಯ ಹೆಸರು ಮುಂಗಾಣಿ. ಅದನ್ನು ಕಂಡುಹಿಡಿದ ಡಾ. ಮಂದಾಕಿನಿ ಇಟಗಿ ಅಂದು, 2061ರ ಆ ಜನವರಿಯಲ್ಲಿ, ಗದಗಿನ ಪರೀಕ್ಷಾ ಕೇಂದ್ರಕ್ಕೆ ತಪಾಸಣೆಗೆ ಬಂದಿದ್ದರು. ಲೆಕ್ಕ ಬಿಡಿಸುವಾಗ ಮಿದುಳಿನ ಯಾವ ಭಾಗಕ್ಕೆ ಎಷ್ಟು ರಕ್ತ ಹರಿಯುತ್ತದೆ, ಪೆನ್ನು ಎಲ್ಲಿ ತಡೆಯುತ್ತದೆ, ಕಣ್ಣು ಯಾವ ಸಾಲಿಗೆ ಮರಳುತ್ತದೆ ಎಂಬುದನ್ನೆಲ್ಲ ನೋಡಿ, ಈ ಮಗು ಈ ಸಮಸ್ಯೆಯನ್ನು ಬಿಡಿಸುತ್ತದೋ ಇಲ್ಲವೋ ಎಂದು ಮುಂಗಾಣಿ ನಾಲ್ಕೇ ನಿಮಿಷದಲ್ಲಿ ಹೇಳುತ್ತಿತ್ತು. ನೂರಕ್ಕೆ ತೊಂಬತ್ತೊಂಬತ್ತು ಸಲ ಅದರ ಮಾತು ನಿಜವಾಗುತ್ತದೆ ಎಂದು ವರದಿಗಳು ಹೇಳುತ್ತಿದ್ದವು. ಅದು ಹುಟ್ಟಿದ್ದು ಶಾಲಾ ಗಣಿತ ಸ್ಪರ್ಧೆಗೆ ಮಕ್ಕಳನ್ನು ಆರಿಸಲು. ಬರಬರುತ್ತ ಇಲಾಖೆ ಅದನ್ನೇ ಕಾಯಂ ತೀರ್ಪು ಮಾಡಿಕೊಂಡಿತು. ಎಂಟನೆಯ ತರಗತಿಯಲ್ಲಿ ಕೆಂಪು ಬಂದ ಮಗುವಿಗೆ ಮುಂದಿನ ವರ್ಷದಿಂದ ಗಣಿತ ಪಾಠವೇ ಇಲ್ಲ.

ಮೂರನೆಯ ಸಾಲಿನಲ್ಲಿ ಒಬ್ಬ ಹುಡುಗಿ ಏಳಲಿಲ್ಲ.

ಮೇಲ್ವಿಚಾರಕ ಬಡಿಗೇರ ಮಾಸ್ತರರು ಅವಳ ಬಳಿ ಬಗ್ಗಿದರು. “ಏ ತಂಗಿ, ದೀಪ ಕಾಣವಲ್ದೇನು? ಏಳವಾ, ಹೊರಗ ಉಪ್ಪಿಟ್ಟು ಆರಾಕತ್ತೈತಿ.”

“ನೀವ ತಿನ್ರಿ ಸರ್. ನಂದಿನ್ನೂ ಮುಗಿದಿಲ್ಲ.”

“ಮುಗಿಯೂದಿಲ್ಲ ಅಂತನ ಅದು ಕೆಂಪಾಗೈತಿ.”

ಹುಡುಗಿ ಬರೆಯುತ್ತಲೇ ಇದ್ದಳು. ಹೆಸರು ಕಸ್ತೂರಿ ಹಡಪದ ಎಂದು ಮೇಜಿನ ಚೀಟಿ ಹೇಳುತ್ತಿತ್ತು. ಮಂದಾಕಿನಿ ಹತ್ತಿರ ಬಂದಾಗ ಅವಳ ಕುತ್ತಿಗೆಯ ನರ ಪಟಪಟನೆ ಬಡಿಯುವುದು ಕಂಡಿತು. ಹೆದರಿದ್ದಳು, ಆದರೂ ಕೇಳಿದಳು.

“ಮೇಡಂ, ಕೆಂಪು ಬಂದ ಮ್ಯಾಲೂ ಕುಂತು ಬಿಡಿಸಿದವರು ಯಾರರ ಅದಾರೇನ್ರಿ?”

“ಇಲ್ಲ. ಎಬ್ಬಿಸಿ ಕಳಿಸ್ತೀವಲ್ಲ.”

“ಮತ್ತ ಅವರಿಗೆ ಬರ್ತಿದ್ದಿಲ್ಲ ಅಂತ ನಿಮಗ ಹೆಂಗ ಗೊತ್ತಾತ್ರಿ?”

“ನೋಡ್ರಿ ಮೇಡಂ ಇದರ ವಕೀಲಿಕಿ!” ಎಂದು ಬಡಿಗೇರರು ನಕ್ಕರು.

ಮಂದಾಕಿನಿ ನಗಲಿಲ್ಲ. ಖಾಲಿಯಾದ ಮೇಜುಗಳ ಕಡೆ ತಿರುಗಿ ನೋಡಿದರು. ಎದ್ದು ಹೋದವರ ಹಾಳೆ ಖಾಲಿ. ಖಾಲಿ ಹಾಳೆ ಎಂದರೆ ‘ಬಿಡಿಸಲಿಲ್ಲ’ ಎಂದು ದಾಖಲೆ. ಆ ದಾಖಲೆಯನ್ನೇ ಯಂತ್ರದ ಗೆಲುವೆಂದು ಎಣಿಸಿ ತೊಂಬತ್ತೊಂಬತ್ತು ಮಾಡಿದ್ದರು. ಬಾವಿಗೆ ಮುಚ್ಚಳ ಜಡಿದು, ಒಳಗೆ ನೀರು ಕಾಣುತ್ತಿಲ್ಲ ಎಂದು ಬರೆದುಕೊಂಡ ಹಾಗೆ. ಮೊದಲ ವರ್ಷ ಎಂಟುನೂರು ಮಕ್ಕಳನ್ನು ಕೊನೆಯವರೆಗೂ ಕೂರಿಸಿ ನೋಡಿದ್ದೇನೋ ನಿಜ. ಆದರೆ ಅವರೆಲ್ಲ ನಗರದ ಎರಡು ಶಾಲೆಗಳವರು, ಒಂದೇ ತರಬೇತಿ ಪಡೆದವರು.

“ಕೂತ್ಕೊಂಡು ಬಿಡಿಸು,” ಎಂದರು. ಪಕ್ಕದ ಕುರ್ಚಿ ಎಳೆದುಕೊಂಡು ತಾವೂ ಕೂತರು.

ಸಮಸ್ಯೆ ನೋಡಲು ಸರಳವಾಗಿತ್ತು. ಒಂದರಿಂದ ಇನ್ನೂರರವರೆಗಿನ ಸಂಖ್ಯೆಗಳಲ್ಲಿ ಯಾವುದೇ ನೂರಾ ಒಂದನ್ನು ಆರಿಸಿದರೂ, ಒಂದು ಇನ್ನೊಂದನ್ನು ಶೇಷವಿಲ್ಲದೆ ಭಾಗಿಸುವಂಥ ಜೋಡಿ ಅವುಗಳಲ್ಲಿ ಇದ್ದೇ ಇರುತ್ತದೆ ಎಂದು ಸಾಧಿಸಬೇಕು. ತರಬೇತಾದ ಮಕ್ಕಳು ಹತ್ತು ಸಾಲಿನಲ್ಲಿ ಮುಗಿಸುತ್ತಾರೆ. ಕಸ್ತೂರಿ ಮಗ್ಗಿ ಬರೆಯುವವಳಂತೆ ಸಂಖ್ಯೆ ತುಂಬುತ್ತಿದ್ದಳು. 1, 2, 4, 8, 16... ಇನ್ನೂರು ದಾಟುವವರೆಗೆ ದುಪ್ಪಟ್ಟು. ಕೆಳಗೆ 3, 6, 12, 24... ಅದರ ಕೆಳಗೆ 5, 10, 20... ಮುಂಗಾಣಿಯ ಪ್ರಕಾರ ಇದು ಯೋಚನೆಯಲ್ಲ, ಬರೀ ಸಂಖ್ಯೆಗಳ ಪಟ್ಟಿ.

ಹಸಿರಿನವರು ಒಬ್ಬೊಬ್ಬರಾಗಿ ಮುಗಿಸಿ ಹೋದರು. ಮಂದಾಕಿನಿ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಈ ಹುಡುಗಿ ಸೋಲಲಿ ಎಂದು ತಾವು ಬೇಡಿಕೊಳ್ಳುತ್ತಿದ್ದೇವೆಂಬುದು ಅವರಿಗೆ ಹೊಳೆದದ್ದು ಒಂದು ಗಂಟೆಯ ಮೇಲೆ. ಹೊಳೆದ ಮೇಲೂ ಬೇಡುವುದು ನಿಲ್ಲಲಿಲ್ಲ.

ಕೊನೆಗೆ ಕಸ್ತೂರಿಯ ಪೆನ್ನು ನಿಂತಿತು. ಅವಳು ಹಾಳೆಯನ್ನೇ ದಿಟ್ಟಿಸುತ್ತ ಕೂತಳು. ಮಂದಾಕಿನಿ ಉಸಿರು ಬಿಟ್ಟರು.

“ಬರವಲ್ದಲಾ?” ಎಂದರು ಬಡಿಗೇರರು.

“ಸುಮ್ಕಿರ್ರಿ ಸರ್, ಸಾಲು ಎಣಸಾಕತ್ತೀನಿ.” ತುಸು ಹೊತ್ತಿನ ಮೇಲೆ ತಲೆಯೆತ್ತಿದಳು. “ನೂರ ಸಾಲು ಅದಾವ್ರಿ. ಎಲ್ಲಾ ಸಂಖ್ಯೆ ಈ ನೂರರಾಗ ಬಂದಾವ. ನೂರಾ ಒಂದು ಆರಿಸಿದ್ರ ಯಾವದರ ಒಂದು ಸಾಲಿನಾಗ ಎರಡು ಬೀಳಾಕಬೇಕು. ಒಂದ ಸಾಲಿನ ಎರಡರಾಗ ಸಣ್ಣದು ದೊಡ್ಡದನ್ನ ಭಾಗಸ್ತೈತಿ. ಮುಗೀತಲ್ರಿ?”

ಮುಗಿದಿತ್ತು. ಮಂದಾಕಿನಿ ಮೂರು ಸಲ ಓದಿದರು, ಎಲ್ಲೂ ಬಿರುಕು ಸಿಗಲಿಲ್ಲ. ಮೇಜಿನ ದೀಪ ಆಗಲೂ ಕೆಂಪಾಗಿಯೇ ಉರಿಯುತ್ತಿತ್ತು.

ಬಡಿಗೇರರು ಅವರನ್ನು ಕಿಟಕಿಯ ಹತ್ತಿರ ಕರೆದು ದನಿ ತಗ್ಗಿಸಿದರು. “ಮೇಡಂ, ಕೆಂಪು ಬಂದವರ ಹಾಳಿ ಒಳಗ ತಗೋಬೇಕಂದ್ರ ನಿಮ್ಮ ಸಹಿ ಬೇಕು. ಹಾಕಿದ್ರ ಹಿಂದಿನವರೆಲ್ಲಾ ನಮ್ಮದೇನ್ರಿ ಅಂತ ಬರ್ತಾರ. ಇದೊಂದು ಹರದು ಒಗದ್ರ ಯಾರಿಗೆ ಗೊತ್ತಾಗ್ತೈತಿ?”

“ಹಿಂದಿನವರು ಎಷ್ಟು ಮಂದಿ?”

“ಈ ಕೇಂದ್ರದಾಗರಿ? ಹದಿನೆಂಟು ಸಾವಿರದ ಮ್ಯಾಲ.”

ಕಸ್ತೂರಿಗೆ ಮಾತು ಕೇಳಿಸಿರಲಿಕ್ಕಿಲ್ಲ. ಆದರೆ ಹಾಳೆಯನ್ನು ಎರಡೂ ಅಂಗೈಗಳಿಂದ ಮೇಜಿಗೆ ಒತ್ತಿ ಹಿಡಿದಿದ್ದಳು. ಮಂದಾಕಿನಿ ಹೋಗಿ ಸಹಿ ಹಾಕಿದರು. ಅದರ ಕೆಳಗೆ ಬಿಡಿ ಅಕ್ಷರಗಳಲ್ಲಿ ಹೆಸರನ್ನೂ ಬರೆದರು.

ಕಸ್ತೂರಿಗೆ ಒಂಬತ್ತನೆಯ ತರಗತಿಯಲ್ಲಿ ಗಣಿತ ಸಿಕ್ಕಿತು. ಮಂದಾಕಿನಿಗೆ ವಿಚಾರಣೆ ಸಿಕ್ಕಿತು. ಯಾರನ್ನು ಎಬ್ಬಿಸಬೇಕೆಂದು ಯಂತ್ರ ಕಲಿತದ್ದಾದರೂ ಎಲ್ಲಿಂದ ಎಂದು ಸಮಿತಿ ಕೇಳಿತು. ಉತ್ತರಕ್ಕಾಗಿ ಮಂದಾಕಿನಿ, ಯಂತ್ರಕ್ಕೆ ಕಲಿಸಲು ಮೊದಮೊದಲು ತೋರಿಸಿದ್ದ ಪಾಠಗಳನ್ನು ತೆರೆದರು. ಈ ಶತಮಾನದ ಮೊದಲ ಮೂವತ್ತು ವರ್ಷಗಳ ತರಗತಿಗಳ ಸಾವಿರಾರು ವಿಡಿಯೊಗಳು ಅವು. ಅವುಗಳಲ್ಲಿ ಹಣೆಪಟ್ಟಿಯೂ ಇಲ್ಲ, ದೀಪವೂ ಇಲ್ಲ. ಶಿಕ್ಷಕರು ಪ್ರಶ್ನೆ ಕೇಳುತ್ತಾರೆ, ಮಗು ಎದ್ದು ನಿಲ್ಲುತ್ತದೆ, ಶಿಕ್ಷಕರ ಕಣ್ಣು ಪಕ್ಕದ ಬೆಂಚಿಗೆ ಹೊರಳುತ್ತದೆ. ಕೂತ್ಕೋ.

ಆ ಶಿಕ್ಷಕರು ಎಷ್ಟು ಹೊತ್ತು ಕಾದಿದ್ದರೆಂದು ಮಂದಾಕಿನಿ ಗಡಿಯಾರ ಹಿಡಿದು ಲೆಕ್ಕ ಹಾಕಿದರು. ಸರಾಸರಿ ಒಂಬತ್ತು ಸೆಕೆಂಡು. ಕೂತ ಮಕ್ಕಳಲ್ಲಿ ಕೆಲವರ ತುಟಿ ಇನ್ನೂ ಅಲುಗುತ್ತಿತ್ತು.