ಹಿತ್ತಲಿಗೊಂದು ಬಾಗಿಲು

ಮುದ್ದೇಬಿಹಾಳದ ತವರುಮನೆಯ ಕಟ್ಟೆಯ ಮೇಲೆ ಮಂಜರಿ ಕೊತ್ತಂಬರಿ ಸೋಸುತ್ತ ಕುಳಿತಿದ್ದಳು. ಸಿಂದಗಿಯ ಬಸ್ಸಿಳಿದು ಬಂದ ಗಂಡ ಶ್ರೀವಲ್ಲಭ ಎದುರಿಗೆ ನಿಂತ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಅವಳು ಮತ್ತೆ ಮತ್ತೆ ಹೇಳದೆ ಕೇಳದೆ ತವರಿಗೆ ಬಂದುಬಿಡುತ್ತಿದ್ದಳು.

“ನಾ ನಿನಗ ಸೇರಂಗಿಲ್ಲಂದ್ರ ಹೇಳಿಬಿಡು ಮಂಜರಿ. ಮತ್ತ ಕರೀಲಿಕ್ಕೆ ಬರಂಗಿಲ್ಲ.”

ಅವನ ಕಣ್ಣಂಚು ಕೆಂಪಾಗಿತ್ತು. ಅದನ್ನು ಕಂಡು ಅವಳ ನಾಚಿಕೆ ಕರಗಿತು.

“ಸೇರಂಗಿಲ್ಲಂತ ಯಾರಂದ್ರು? ನೀವು ಹತ್ರ ಬಂದ ಮರುದಿನ ಉರಿಮೂತ್ರ ಸುರು ಆಗ್ತದರಿ. ಕೂತ್ರೂ ಉರಿ, ನಿಂತ್ರೂ ಉರಿ. ಇದನ್ನ ಹ್ಯಾಂಗ ಹೇಳ್ಲಿ?”

“ಇಷ್ಟ ದಿನ ಒಬ್ಬಾಕಿನ ಅನುಭವಿಸಿದ್ಯಾ?” ಎಂದು ಅವನು ಕುಸಿದು ಕುಳಿತ.

ಅಂದೇ ಡಾಕ್ಟರ್ ಬಾನುಬಿಯವರ ದವಾಖಾನೆಗೆ ಹೋದರು. ಅಲ್ಲಿ ಗಂಡಸರು ಹೊರಗೆ ನಿಲ್ಲುವುದು ರೂಢಿ. ಶ್ರೀವಲ್ಲಭ ಒಳಗೆ ಬಂದು ಅವಳ ಪಕ್ಕದಲ್ಲೇ ಕುಳಿತ. ಮದುವೆಯ ದಿನಕ್ಕಿಂತ ಅವನು ಅವಳಿಗೆ ಚೆಲುವನಾಗಿ ಕಂಡ.

ಮೂತ್ರದ ತಪಾಸಣೆ ಮಾಡಿಸಿ ಡಾಕ್ಟರ್ ಗುಳಿಗೆ ಬರೆದರು. “ಇದು ಹೊಲಸೂ ಅಲ್ಲ, ಯಾರ ತಪ್ಪೂ ಅಲ್ಲವ್ವ. ಕೂಡಿದಾಗ ಕ್ರಿಮಿ ಮೂತ್ರದ ದಾರಿಗೆ ಏರ್ತಾವು. ಆಮ್ಯಾಲೆ ತಡ ಮಾಡದ ಮೂತ್ರಕ್ಕ ಹೋಗಿ ಬಂದ್ರ ಅವು ತೊಳದು ಹೋಗ್ತಾವು. ನೀರು ಭಾಳ ಕುಡಿ. ಉರಿ ನಿಂತ್ರೂ ಗುಳಿಗಿ ನಡುವ ಬಿಡಬ್ಯಾಡ. ಮತ್ತ ಬಂತಂದ್ರ ಬಾ, ಬ್ಯಾರೆ ಔಷಧನೂ ಐತಿ. ರಾತ್ರಿ ಎದ್ದು ಮೂತ್ರಕ್ಕ ಹೋಗ್ತೀಯಿಲ್ಲೋ?”

ಮಂಜರಿ ತಲೆ ತಗ್ಗಿಸಿದಳು.

ಊರಿಗೆ ಮರಳುವಾಗ ಬಸ್ಸಿನಲ್ಲಿ ಮೆಲ್ಲಗೆ ಎಲ್ಲವನ್ನೂ ಹೇಳಿದಳು. ಸಿಂದಗಿಯ ಮನೆಯಲ್ಲಿ ಮೂತ್ರಕ್ಕೆ ಹಿತ್ತಲಿಗೆ ಹೋಗಬೇಕೆಂದರೆ ಅಡುಗೆಮನೆ ದಾಟಲೇಬೇಕು. ಅಲ್ಲಿ ಅತ್ತೆ ಇಂದೂಬಾಯಿಯ ಮಡಿಸೀರೆ, ಮಡಿನೀರಿನ ಕೊಡ. ಗಂಡನ ಜೊತೆ ಮಲಗಿದ ಮೈಯಲ್ಲಿ, ಸ್ನಾನವಿಲ್ಲದೆ, ಅದನ್ನು ದಾಟುವುದು ಹೇಗೆ? ಬೆಳಗಿನವರೆಗೆ ತಡೆದುಕೊಳ್ಳುತ್ತಿದ್ದಳು. ಏಳಬೇಕಾದೀತೆಂದು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಿದ್ದಳು.

ಅವನು ಅವಳ ಕೈ ಹಿಡಿದುಕೊಂಡ. ಊರು ಬರುವವರೆಗೂ ಬಿಡಲಿಲ್ಲ.

ಮನೆಗೆ ಬಂದವನೇ ತಾಯಿಯ ಮುಂದೆ ಕುಳಿತ. “ಅವ್ವಾ, ನಮ್ಮ ಖೋಲಿ ಕಿಟಕಿ ಒಡದು ಹಿತ್ತಲಕ್ಕ ಬಾಗಲಾ ಇಡಸ್ತೇನಿ.”

“ಯಾಕಪಾ? ಗಟ್ಟಿ ಗ್ವಾಡಿ ಅದ.”

“ಮಂಜರಿಗೆ ನಿನ್ನ ಮಡಿ ದಾಟಲಿಕ್ಕೆ ಅಂಜಿಕಿ. ತಡಕೊಂಡು ತಡಕೊಂಡು ಬ್ಯಾನಿ ಆಗ್ಯದ.”

ಮಂಜರಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಇಂದೂಬಾಯಿ ಜಪಮಾಲೆ ಕೆಳಗಿಟ್ಟರು. ಬಾಗಿಲತ್ತ ತಿರುಗಿದರು.

“ಬಾರವ್ವ ಇಲ್ಲಿ,” ಎಂದರು. “ನಾ ಸೊಸಿಯಾಗಿ ಬಂದಾಗ ಈ ಬಾಗಲಾ ಯಾರರ ಇಡಿಸಿದ್ರ, ನಾನೂ ಹೊಟ್ಟಿ ಹಿಡಕೊಂಡು ಅಳತಿದ್ದಿಲ್ಲ. ಅದು ಆಗೂತನಕ ಅಡಗಿಮನಿ ದಾಟು. ಮಡಿ ಕೊಡ ನಾ ದೇವರ ಖೋಲಿಗೆ ಒಯ್ತೇನಿ. ಶ್ರೀಹರಿಗೆ ನಿನ್ನ ಕಣ್ಣೀರು ಬೇಕಾಗಿಲ್ಲ.”

ಗೌಂಡಿ ಸೋಮನಿಂಗ ಗೋಡೆ ಒಡೆದ ದಿನ ಶ್ರೀವಲ್ಲಭನೂ ಕಲ್ಲು ಹೊತ್ತ. ತಲೆಯ ತುಂಬ ಸುಣ್ಣದ ಧೂಳು. ಮಂಜರಿ ನೀರಿನ ತಂಬಿಗೆ ಹಿಡಿದು ಅವನನ್ನೇ ನೋಡುತ್ತ ನಿಂತಳು.

“ಏನ್ ನೋಡ್ತಿ?”

“ಮುದುಕ ಆದ್ರ ಹ್ಯಾಂಗ ಕಾಣ್ತೀರಂತ.”

“ಹ್ಯಾಂಗ ಕಾಣ್ತೇನಿ?”

“ಛಲೋ ಕಾಣ್ತೀರಿ. ಅಲ್ಲೀತನಕ ಎಲ್ಲೂ ಓಡಿಹೋಗಂಗಿಲ್ಲ.”

ಅವನು ನಕ್ಕು ತಂಬಿಗೆ ತೆಗೆದುಕೊಂಡ. ಬಾಯಾರಿದ್ದರೂ ಕುಡಿಯದೆ ಅವಳ ತುಟಿಗೇ ಹಿಡಿದ.

“ಮೊದಲ ನೀ ಕುಡಿ.”