ಯಾರಿಗೂ ತಲೆ ಇಲ್ಲದ ವಿಡಿಯೊ

"ಏನಮ್ಮಾ, ನನ್ನ ತಮ್ಮನ ತಲೆ ಕತ್ತರಿಸಿದ್ದು ಸಾಲದು ಅಂತ ಇನ್ನೇನು ಕತ್ತರಿಸೋಕೆ ಬಂದೆ?"

ಅವನ ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು. ಬಂದವಳು ಅಕ್ಕನ ಭುಜದಾಚೆ ಇಣುಕಿದಳು. ಒಳಗೆ ಸೂಟ್‌ಕೇಸಿನ ಜಿಪ್ ಎಳೆದ ಸದ್ದು. ಸಂಜೆ ಅವನು ಪ್ರವಾಸಿ ಹಡಗು ಹತ್ತುತ್ತಾನೆ. ಅಲ್ಲಿನ ವಾದ್ಯತಂಡದಲ್ಲಿ ವರ್ಷಗಟ್ಟಲೆ ಕೆಲಸ.

ಹೋಗಿಯೇಬಿಟ್ಟರೆ...?

"ಅಕ್ಕಾ, ಐದೇ ನಿಮಿಷ... ನಿಮ್ಮ ಕಾಲಿಗೆ ಬೀಳ್ತೀನಿ!"

"ನನ್ನ ಕಾಲು ಯಾಕೆ? ತಲೆ ಹೋಗಿರೋದು ಅವನದ್ದು," ಎಂದು ಗೊಣಗಿದರೂ ಅಕ್ಕ ದಾರಿ ಬಿಟ್ಟಳು.

ಪುಟ್ಟ ಮಕ್ಕಳಿಗೆ ವಾದ್ಯಗಳನ್ನೂ ಜಾಝ್ ಸಂಗೀತವನ್ನೂ ಪರಿಚಯಿಸುವ ವಿಡಿಯೊ ಮಾಡುವುದು ಅವಳ ಕೆಲಸ. ಸ್ಯಾಕ್ಸೊಫೋನ್ ನುಡಿಸಲು ಬಂದವನು ಅವನು. ಎಡಗಿವಿಯಿಂದ ಗಲ್ಲದವರೆಗೆ ಸುಟ್ಟ ಕಲೆ. ಕ್ಯಾಮೆರಾ ಕಂಡು ಮುಖ ತಿರುಗಿಸಿದವನಿಗೆ ಅವಳು, "ಒಂದೇ ಹಾಡನ್ನ ಪ್ರತಿ ಸಲ ಬೇರೆ ಥರ ನುಡಿಸ್ತೀರಲ್ಲ, ಅದನ್ನೇ ಮಕ್ಕಳಿಗೆ ತೋರಿಸಿ. ಹೆದರ್ಬೇಡಿ" ಅಂದಿದ್ದಳು. ಅವನು ನಂಬಿ, ನೇರ ತಿರುಗಿ ನುಡಿಸಿದ್ದ.

ಹೊರಬಂದ ವಿಡಿಯೊದಲ್ಲಿ ಅವನ ಕತ್ತಿನಿಂದ ಮೇಲಕ್ಕೆ ಏನೂ ಇರಲಿಲ್ಲ!

ಆಮೇಲೆ ಅವಳ ಫೋನನ್ನು ಅವನು ಎತ್ತಲೇ ಇಲ್ಲ.

"ಮಕ್ಕಳು ಹೆದರ್ತಾರೆ ಅಂತ ತಾನೇ?" ಅವನು ಈಗಲೂ ಅವಳತ್ತ ನೋಡಲಿಲ್ಲ. "ಬಾಯಿಬಿಟ್ಟು ಹೇಳಿದ್ರೆ ನಾನೇ ಬರ್ತಿರ್ಲಿಲ್ಲ."

"ಅಯ್ಯೋ, ಅಲ್ಲ! ಮುಖ ಕಂಡ್ರೆ ಚಿಕ್ಕ ಮಕ್ಕಳು ಮುಖಾನೇ ನೋಡ್ತಾರೆ, ಬೆರಳು ನೋಡಲ್ಲ. ಅದಕ್ಕೇ ಎಲ್ಲರ ತಲೇನೂ ಕತ್ತರಿಸ್ತೀನಿ. ನೋಡಿ..."

ಅವಳು ಫೋನ್ ಮುಂದೆ ಹಿಡಿದಳು. ಡ್ರಮ್ ಬಾರಿಸುವವನಿಗೆ ತಲೆ ಇಲ್ಲ. ಪಿಯಾನೊ ನುಡಿಸುವವಳಿಗಿಲ್ಲ. ಗಿಲಕಿ ಆಡಿಸುತ್ತಿದ್ದ ಅವಳಿಗೇ ಇಲ್ಲ!

ಅಕ್ಕ ಇಣುಕಿದಳು. "ಒಬ್ಬರಿಗೂ ಇಲ್ವಲ್ಲೋ! ಇವಳಿಗಿಲ್ಲ ಅನ್ನೋದು ನಂಗೆ ಗೊತ್ತೇ ಇತ್ತು, ಬಿಡು."

ಅವನು ನಗಲಿಲ್ಲ. "ಇದನ್ನ ಅವರಿಗೆಲ್ಲ ಮೊದಲೇ ಹೇಳಿದ್ರಾ?"

"...ಹೇಳಿದ್ದೆ."

"ನನಗೆ?"

"ಬಾಯಿ ಬರ್ಲಿಲ್ಲ. ಮುಖದ ಮಾತೆತ್ತಿದ್ರೆ ನೊಂದ್ಕೊಳ್ತೀರೇನೋ ಅಂತ..."

"ಅಂದ್ರೆ ನೀವೂ ನೋಡಿದ್ದು ಕಲೇನೇ."

ಹೊರಗೆ ಟ್ಯಾಕ್ಸಿಯ ಹಾರ್ನ್ ಕೇಳಿಸಿತು. ಅವನು ಸೂಟ್‌ಕೇಸ್ ಎತ್ತಿಕೊಂಡ.

ಮುಗಿಯಿತು... ಇನ್ನು ಮುಚ್ಚಿಟ್ಟುಕೊಂಡು ಏನು ಮಾಡಲಿ?

"ಹೌದು, ನೋಡಿದೆ! ಕಲೇನೂ ನೋಡಿದೆ, ಕಣ್ಣೂ ನೋಡಿದೆ. ಕತ್ತರಿಸಿದ್ದನ್ನ ಎಸೆದಿಲ್ಲ ನಾನು. ದಿನಾ ನೋಡ್ತೀನಿ!"

ಅವಳು ಇನ್ನೊಂದು ವಿಡಿಯೊ ಒತ್ತಿದಳು. ಬೇರೆ ಯಾರೂ ನೋಡಿರದ, ಕತ್ತರಿ ಬೀಳದ ಚಿತ್ರೀಕರಣ. ಅದರಲ್ಲಿ ಅವನ ಪೂರ್ತಿ ಮುಖವಿತ್ತು. ಹಾಡಿನ ಮಧ್ಯೆ, ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುತ್ತಾ, ಅವನ ಕಣ್ಣುಗಳು ಕ್ಯಾಮೆರಾ ಬಿಟ್ಟು ಪಕ್ಕಕ್ಕೆ ಹೊರಳಿ ಅಲ್ಲೇ ನಿಂತಿದ್ದವು.

ಅಂದು ಕ್ಯಾಮೆರಾದ ಪಕ್ಕದಲ್ಲಿ ನಿಂತಿದ್ದವಳು ಅವಳು.

ಅವನು ಫೋನಿನತ್ತ ಬಾಗಿ ನೋಡಿದ.

"ಇದು ಮಕ್ಕಳಿಗಲ್ಲ... ನನಗೆ," ಎಂದಳು ಅವಳು. "ನೀವು ನನಗೆ ಬೇಕು."

ಮತ್ತೆ ಹಾರ್ನ್. ಅಕ್ಕ ಚಪ್ಪಲಿ ಮೆಟ್ಟಿದಳು. "ಟ್ಯಾಕ್ಸಿಯವನಿಗೆ ನಾನು ಹೇಳಿ ಬರ್ತೀನಿ. ಏನು ಹೇಳ್ಲೋ?"

ಅವನು ಸೂಟ್‌ಕೇಸ್ ಕೆಳಗಿಟ್ಟ. ಟ್ಯಾಕ್ಸಿ ವಾಪಸ್ ಕಳಿಸಲು ಅಕ್ಕ ಹೊರಗೆ ಹೋದಳು.

"ನಾನು ನಿಮ್ಮನ್ನ ನೋಡ್ತಿದ್ದದ್ದು ಗೊತ್ತಿದ್ದೂ ಸುಮ್ನಿದ್ರಾ?"

"ನೀವು ಸುಮ್ನಿರ್ಲಿಲ್ವಾ?" ಅವಳು ಕಣ್ಣೊರೆಸಿಕೊಂಡಳು.

ಅವನು ಸ್ಯಾಕ್ಸೊಫೋನ್ ಪೆಟ್ಟಿಗೆ ತೆರೆದ. "ಇನ್ನೊಂದು ಸಲ ನುಡಿಸ್ಲಾ? ಅದೇ ಥರ ಮಾತ್ರ ಬರಲ್ಲ."

"ಬರೋದೂ ಬೇಡ. ಇವತ್ತು ಕ್ಯಾಮೆರಾ ತಂದಿಲ್ಲ ನಾನು."