ಎಲೆಯ ಮೇಲಿನ ಉಂಗುರಗಳು

"ಈ ಹೂದಂಟನ್ನ ಕತ್ತರಿಸಿದ್ದು ಯಾರು?"

ಮುಖ ಎತ್ತದೆಯೇ ಕೇಳಿದ ಅವನು. ಕೈಯಲ್ಲಿ ಭೂತಗನ್ನಡಿ. ಅದರ ಕೆಳಗೆ ಆರ್ಕಿಡ್ ಗಿಡದ ದಪ್ಪ ಎಲೆ. ಎಲೆಯ ತುಂಬ ಒಂದರೊಳಗೊಂದು ಬರೆದಂತಿದ್ದ ಕಂದು ಉಂಗುರಗಳು.

"ನಾನೇ," ಎಂದಳು ಅವಳು.

"ಅದೇ ಕತ್ತರೀಲಿ ಬೇರೆ ಗಿಡಗಳನ್ನೂ ಕತ್ತರಿಸಿದ್ರಾ?"

"ಹೂಂ... ಹನ್ನೊಂದು ಕುಂಡ ಇದೆ. ಹೂ ಬಾಡಿದಾಗೆಲ್ಲ ಅದೇ ಕತ್ತರಿ."

"ಹಾಗಾದ್ರೆ ಒಂದರ ಕಾಯಿಲೇನ ಎಲ್ಲಕ್ಕೂ ನೀವೇ ಹಂಚಿದೀರ."

ನರ್ಸರಿಯ ಮೂಲೆಯ ಆ ಮೇಜಿನ ಸುತ್ತ ಇನ್ನೂ ನಾಲ್ಕು ಜನ ಕುಂಡ ಹಿಡಿದು ನಿಂತಿದ್ದರು. ಅವರೆಲ್ಲರ ಎದುರಿಗೇ ಅವಳ ಕಣ್ಣು ತುಂಬಿ ಬಂತು.

ಆಗ ತಲೆ ಎತ್ತಿದ ಅವನು. ಎಲ್ಲರೂ 'ಗಿಡದ ಡಾಕ್ಟ್ರು' ಎಂದು ಕರೆಯುತ್ತಿದ್ದ ಆ ಮನುಷ್ಯನಿಗೆ ಅಳುವವರ ಮುಂದೆ ಏನು ಮಾಡಬೇಕೆಂದು ತಿಳಿಯದು. ತಾನು ಕೂತಿದ್ದ ಸ್ಟೂಲನ್ನೇ ಅವಳತ್ತ ತಳ್ಳಿದ.

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜನ್ನು ಫ್ರೇಮಿಗೆ ಸರಿಯಾಗಿ ಉಜ್ಜಿ ಕೂರಿಸುವವಳು. ಕೂದಲೆಳೆಯಷ್ಟು ವ್ಯತ್ಯಾಸವೂ ಅವಳ ಕಣ್ಣು ತಪ್ಪಿಸುತ್ತಿರಲಿಲ್ಲ. ಆದರೆ ಈ ಗಿಡಗಳು ಅವಳವಲ್ಲ, ಅವಳ ತಂಗಿಯವು. ಏಳು ತಿಂಗಳ ಹಿಂದೆ ಬರೀ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟ ತಂಗಿ.

ಅಂದಿನಿಂದ ಅಪ್ಪ ಮನುಷ್ಯರ ಜೊತೆ ಮಾತು ಬಿಟ್ಟಿದ್ದರು. ಬೆಳಿಗ್ಗೆ ಎದ್ದು ಕಿಟಕಿಯ ಕುಂಡಗಳ ಮುಂದೆ ನಿಂತು, ಒಂದೊಂದನ್ನೂ "ಏನಮ್ಮಾ, ನಿದ್ದೆ ಬಂತಾ?" ಎಂದು ವಿಚಾರಿಸುವುದಷ್ಟೇ ಅವರ ಮಾತು. ಮೊದಲ ಮಚ್ಚೆ ಕಂಡ ದಿನ ಅವರು ಊಟವನ್ನೇ ಮಾಡಲಿಲ್ಲ.

ಇದನ್ನೆಲ್ಲ ಅವಳು ತಡವರಿಸುತ್ತ ಹೇಳಿದಳು. ಅವನು ಕೇಳಿಸಿಕೊಂಡು, ಆಮೇಲೆ ನಿಧಾನವಾಗಿ ವಿವರಿಸಿದ. ಬಿಸಿಲಿಗೆ ಸುಟ್ಟ ಮಚ್ಚೆಯಾದರೆ ಒಣಗಿ ಬಿಳಚಿಕೊಂಡಿರುತ್ತದೆ, ಬಿಸಿಲು ಬಿದ್ದ ಕಡೆ ಮಾತ್ರ. ಬ್ಯಾಕ್ಟೀರಿಯಾದ್ದಾದರೆ ನೀರು ತುಂಬಿ ಮೆತ್ತಗಾಗಿ, ಎರಡು ಮೂರು ದಿನದಲ್ಲೇ ಎಲೆಯನ್ನು ನುಂಗುತ್ತದೆ. ಬೂಷ್ಟಿನದಾದರೆ ಮಚ್ಚೆಯ ನಡುವೆ ಕರಿ ಚುಕ್ಕಿಗಳು. ಅವಕ್ಕೆಲ್ಲ ಏನಾದರೊಂದು ದಾರಿಯಿದೆ. ಉಂಗುರಗಳು ಮಾತ್ರ ಸಾಮಾನ್ಯವಾಗಿ ವೈರಸ್‌ನ ಗುರುತು. ಅದಕ್ಕೆ ಮದ್ದಿಲ್ಲ.

ಭಾನುವಾರ ಮನೆಗೇ ಬಂದು ಪರೀಕ್ಷೆ ಮಾಡುವುದಾಗಿ ಹೇಳಿದ. ಹೇಳಿದಂತೆ ಬಂದ. ಅಪ್ಪ ವಾಕಿಂಗ್‌ಗೆ ಹೋಗಿದ್ದರು. ಪ್ರತಿ ಗಿಡದಿಂದ ಎಲೆಯ ಚೂರು ತೆಗೆದು, ದ್ರಾವಣದಲ್ಲಿ ಅರೆದು, ಕಾಗದದ ಪಟ್ಟಿ ಅದ್ದಿ ಇಟ್ಟ. ಇಬ್ಬರೂ ಎದುರುಬದುರು ಕೂತು ಕಾದರು.

ಒಂದು ಗೆರೆ ಬಂದರೆ ಗಿಡಕ್ಕೆ ಏನೂ ಇಲ್ಲ. ಎರಡು ಬಂದರೆ ಕಾಯಿಲೆ.

ಹತ್ತು ಪಟ್ಟಿಗಳಲ್ಲಿ ಎರಡು ಗೆರೆ. ಇನ್ನೂ ಹೂವೇ ಬಿಡದ, ಹಾಗಾಗಿ ಕತ್ತರಿಯೇ ತಾಗದ ಪುಟ್ಟ ಗಿಡದ್ದು ಮಾತ್ರ ಒಂದು ಗೆರೆ.

'ಇದನ್ನ ಅಪ್ಪನಿಗೆ ಹೇಗೆ ಹೇಳಲಿ...'

ಬಿಸಿಲಿನಿಂದಾದ ಮಚ್ಚೆ ಎಂದು ಅಪ್ಪನಿಗೆ ಹೇಳಿಬಿಡಿ ಎಂದು ಅವನನ್ನು ಬೇಡಿಕೊಂಡಳು. ಸುಳ್ಳು ಹೇಳುವುದು ತನ್ನಿಂದಾಗದು ಎಂದ ಅವನು. ಅವಳು ಮತ್ತೆ ಕೇಳಿದಳು. ಅವನು ಆಗದೆಂದು ತಲೆಯಾಡಿಸಿದ.

"ನಿಮಗೆ ಎಲೆ ಮಾತ್ರ ಕಾಣುತ್ತೆ. ಮನುಷ್ಯರು ಕಾಣಲ್ಲ," ಎಂದುಬಿಟ್ಟಳು.

ಅವನ ಮುಖ ಬಿಳಚಿಕೊಂಡಿತು. ಚೀಲ ಎತ್ತಿಕೊಂಡು, ಆ ಒಂದು ಗಿಡವನ್ನಾದರೂ ದೂರ ಇಡಿ ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದ.

ಅಪ್ಪನಿಗೆ ಸುಳ್ಳನ್ನು ಅವಳೇ ಹೇಳಿದಳು.

ಅಪ್ಪ ಅಂದೇ ಕಿಟಕಿಗೆ ಹಳೇ ಬೆಡ್‌ಶೀಟ್ ಕಟ್ಟಿದರು. ಮನೆ ಕತ್ತಲಾಯಿತು. ಉಂಗುರಗಳು ಮಾತ್ರ ಹೊಸ ಎಲೆಗಳ ಮೇಲೂ ಮೂಡುತ್ತಲೇ ಹೋದವು.

ಮೂರನೇ ವಾರ ಒಂದು ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಟಾಗ, ಅಪ್ಪ ಕುಂಡಗಳ ಮುಂದೆ ನೆಲದ ಮೇಲೆ ಕೂತಿದ್ದರು.

"ನಾನೇ ಬಿಸಿಲಿಗಿಟ್ಟು ಸುಟ್ಟೆ ಇವನ್ನ," ಎಂದರು. "ಅವಳ ಜ್ವರಾನೂ ಮಾಮೂಲಿ ಅಂದ್ಕೊಂಡೆ. ಎರಡು ಸಲಾನೂ ನನಗೆ ಗೊತ್ತಾಗ್ಲಿಲ್ಲ ನೋಡು."

ಅಪ್ಪನ ನೋವು ಕಡಿಮೆಯಾಗಲಿ ಎಂದು ಅವಳು ಹೇಳಿದ ಮಾತು... ಅದನ್ನು ಅವರು ಇಷ್ಟು ದಿನ ಒಬ್ಬರೇ ಹೊತ್ತಿದ್ದರು.

ಅಂಗಡಿಗೆ ಹೋಗಲಿಲ್ಲ. ನೇರ ನರ್ಸರಿಗೆ ಓಡಿದಳು. ಮೇಜು ಒರೆಸುತ್ತಿದ್ದ ಅವನಿಗೆ ನಡೆದದ್ದನ್ನೆಲ್ಲ ಹೇಳಿದಳು. 'ನಾನು ಹೇಳಿರಲಿಲ್ವಾ' ಎನ್ನುತ್ತಾನೆ ಎಂದುಕೊಂಡಿದ್ದಳು. ಅವನು ಬಟ್ಟೆ ಕೆಳಗಿಟ್ಟು, "ನಡೀರಿ," ಎಂದ.

ಅಪ್ಪನ ಪಕ್ಕ ನೆಲದ ಮೇಲೇ ಕೂತು ಎಲ್ಲವನ್ನೂ ಹೇಳಿದ. ಇದು ಬಿಸಿಲಲ್ಲ, ನಿಮ್ಮ ತಪ್ಪಲ್ಲ ಎಂದ. ಕತ್ತರಿಯ ವಿಷಯವನ್ನು, ತಾನಾಡಿದ ಸುಳ್ಳನ್ನು ಅವಳೇ ಒಪ್ಪಿಕೊಂಡಳು.

"ಕತ್ತರಿಯ ವಿಷಯಾನ ಅಷ್ಟು ಖಂಡಿತವಾಗಿ ನಾನು ಹೇಳಬಾರದಿತ್ತು," ಎಂದು ಅವನು ಅವಳತ್ತ ತಿರುಗಿದ. "ಕತ್ತರಿಯಿಂದ ಹರಡೋದು ನಿಜ. ಆದ್ರೆ ಕೊಂಡು ತಂದಾಗಲೇ ಎಷ್ಟು ಗಿಡದಲ್ಲಿ ಇತ್ತೋ ಯಾರಿಗೂ ಗೊತ್ತಾಗಲ್ಲ. ಆವತ್ತು ನಿಮ್ಮನ್ನ ಅಳಿಸಿದ್ದು ನನ್ನ ತಪ್ಪು."

ಅಪ್ಪ ಹತ್ತಿರದ ಕುಂಡವೊಂದನ್ನು ತಮ್ಮತ್ತ ಎಳೆದುಕೊಂಡರು.

"ಇವು ಸಾಯುತ್ತಾ?"

"ವಾಸಿಯಾಗಲ್ಲ. ಆದ್ರೆ ವರ್ಷಗಟ್ಟಲೆ ಬದುಕಬಹುದು, ಹೂವೂ ಬಿಡಬಹುದು. ಬೇರೆ ಯಾರಿಗೂ ಕೊಡಬೇಡಿ ಅಷ್ಟೇ."

ಅಪ್ಪ ಮಗಳ ಕೈ ಹಿಡಿದುಕೊಂಡರು. "ನನ್ನ ಹತ್ರ ಹೇಳಬಹುದಿತ್ತು ಮಗಳೇ," ಎಂದವರು, ಇಷ್ಟು ತಿಂಗಳಿಂದ ತಡೆದಿದ್ದ ಅಳುವನ್ನು ಅಂದು ಅತ್ತರು. ಅವಳೂ ಅತ್ತಳು. ಅವನು ಎದ್ದು ಹೋಗಿ ಕಿಟಕಿಯ ಬೆಡ್‌ಶೀಟ್ ಬಿಚ್ಚಿದ.

ಬೀಳ್ಕೊಡಲು ಮೆಟ್ಟಿಲವರೆಗೆ ಬಂದವಳಿಗೆ ಅವನು ತನ್ನ ಕಥೆ ಹೇಳಿದ. ಮೂರು ವಾರದ ತರಬೇತಿಗೆ ಬೇರೆ ಊರಿಗೆ ಹೊರಟಿದ್ದಾಗ, ಆಸ್ಪತ್ರೆಯ ರಿಪೋರ್ಟಿನಲ್ಲಿ ತನಗೆ ಏನೂ ಇಲ್ಲ ಎಂದಿದ್ದಳಂತೆ ಅವನ ಹೆಂಡತಿ. ಅವನ ಮನಸ್ಸು ಕೆಡದಿರಲಿ ಎಂದು. ವಾಪಸ್ ಬಂದಾಗ ಅವಳಿಗೆ ಉಳಿದಿದ್ದು ಎಂಟು ದಿನ.

"ಆ ಮೂರು ವಾರ ನನಗೆ ಸಿಗಲೇ ಇಲ್ಲ," ಎಂದ.

'ಇಂಥವರಿಗೆ ಮನುಷ್ಯರು ಕಾಣಲ್ಲ ಅಂದೆನಲ್ಲ ನಾನು...' ಕ್ಷಮೆ ಕೇಳುವವಳಂತೆ ಅವನ ತೋಳನ್ನು ಮೆಲ್ಲಗೆ ಮುಟ್ಟಿದಳು.

ಅಲ್ಲಿಂದ ಅವನು ಪ್ರತಿ ಭಾನುವಾರ ಬರತೊಡಗಿದ. ಆರೋಗ್ಯವಾಗಿದ್ದ ಪುಟ್ಟ ಗಿಡವನ್ನು ಅಪ್ಪನೇ ಮೇಲಿನ ಮಹಡಿಯ ಮನೆಯವರಿಗೆ ಕೊಟ್ಟರು. ಉಳಿದವುಗಳಲ್ಲಿ ಮೂರು ಸೊರಗಿ ಸತ್ತವು. ಪ್ರತಿ ಸಲವೂ ಮನೆಯಲ್ಲಿ ಒಂದು ದಿನ ಮೌನ. ಆದರೂ ಅಪ್ಪ ಈಗ ಮನುಷ್ಯರೊಂದಿಗೂ ಮಾತಾಡುತ್ತಿದ್ದರು. ವಾಸಿಯಾಗದ ಎಲೆ ನೋಡೋಕೆ ವಾರವಾರ ತಪ್ಪದೆ ಬರೋ ಡಾಕ್ಟ್ರನ್ನ ಎಲ್ಲೂ ಕಂಡಿಲ್ಲ ಎಂದು ಒಮ್ಮೆ ಗೊಣಗಿ, ಬೇಕೆಂದೇ ವಾಕಿಂಗ್‌ಗೆ ಹೊರಟರು.

ಅಂದು ನಾಲ್ಕನೆಯ ಗಿಡವೂ ಬುಡದಿಂದ ಕಳಚಿ ಬಂದಿತ್ತು. ಅದನ್ನು ಕಾಗದದಲ್ಲಿ ಸುತ್ತುತ್ತಿದ್ದ ಅವಳ ಬೆರಳುಗಳು ಅರ್ಧದಲ್ಲೇ ನಿಂತವು. ಅವನು ಕೈ ಚಾಚಿ ಆ ಬೆರಳುಗಳನ್ನು ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

"ನೀವು ಬಂದೇ ಬರ್ತೀರ ಅಂತ ಗೊತ್ತಿದ್ರೂ ಶನಿವಾರದಿಂದಲೇ ಕಾಯ್ತೀನಿ," ಎಂದಳು ತಲೆ ತಗ್ಗಿಸಿ. "ತಂಗಿ ಇಲ್ಲದ ಮನೇಲಿ ಹೀಗೆ ಕಾಯೋದು ತಪ್ಪು ಅನ್ಸುತ್ತೆ."

"ನನಗೂ ಅನ್ಸುತ್ತೆ. ಆದ್ರೂ ಬರ್ತೀನಿ. ನೀನಂದ್ರೆ ನನಗೆ ಇಷ್ಟ."

ಮೊದಲ ಸಲ 'ನೀನು' ಎಂದಿದ್ದ. ಇಬ್ಬರಿಗೂ ಅದು ಕೇಳಿಸಿತು.

"ಒಂದೇ ಒಂದು ಸಲ ಸುಳ್ಳು ಹೇಳ್ತೀಯಾ?" ಅವಳ ಧ್ವನಿ ಒಡೆದಿತ್ತು. "ಎಲ್ಲ ಸರಿಹೋಗುತ್ತೆ ಅಂತ..."

ಅವನು ಅವಳ ಕೈಯಿಂದ ಆ ಗಿಡವನ್ನು ತೆಗೆದು ಬದಿಗಿಟ್ಟ.

"ಅದು ಗೊತ್ತಿಲ್ಲ. ಸರಿಹೋಗದಿದ್ರೂ ನಾನಿರ್ತೀನಿ."

ಅವಳು ಅವನ ಭುಜಕ್ಕೆ ಹಣೆ ಒರಗಿಸಿದಳು.

"ಸಾಕು," ಎಂದಳು.